ಮೂರನೇ ಯಂತ್ರದ ನಗು

ಹೈಡ್ರುನ್ ಕುಬಿಟ್ಸ್ ಮೂರನೇ ಹಿಡಿ ಮಣ್ಣನ್ನು ಶವಪೆಟ್ಟಿಗೆಯ ಮೇಲೆ ಹಾಕಿ, ಕೈ ಕೊಡವಿಕೊಂಡು, "ಹೋಗಿಬನ್ನಿ, ಬ್ರಾಂಡಿಸ್ ಅವರೇ" ಎಂದಳು.

ಸರದಿಯಲ್ಲಿ ಅವಳ ಹಿಂದಿದ್ದ ಉಶಿ ಮೊಣಕೈಯಿಂದ ತಿವಿದಳು. "ಏನೇ ಇದು? ನಾವೆಲ್ಲ 'ಹೋಗಿ ಬಾರೋ ಎಕ್ಕೆ' ಅಂದ್ವಿ. ಮೂವತ್ತನಾಲ್ಕು ವರ್ಷದ ಪರಿಚಯ, ಸತ್ತ ಮೇಲೂ ಬಹುವಚನವಾ?"

"ಅವರು ಕೊನೇವರೆಗೂ ನನಗೆ ನೀವು ಅಂದ್ರು. ನಾನೂ ಹಾಗೇ ಕಳಿಸಿಕೊಟ್ಟೆ. ನಿಂಗೇನು ಕಷ್ಟ? ಜರುಗು, ಹಿಂದೆ ಜನ ಕಾಯ್ತಿದ್ದಾರೆ."

ಎರಡು ಹೆಜ್ಜೆ ಆಚೆ ನಿಂತಿದ್ದ ಮಾರ್ಲಿಸ್‌ಗೆ ಇದು ಕೇಳಿಸಿತು. ಎಕ್ಕೆಹಾರ್ಟ್ ಬ್ರಾಂಡಿಸ್ ತೆಗೆದ ಹನ್ನೊಂದು ಸಾಕ್ಷ್ಯಚಿತ್ರ, ಎರಡು ಕಥಾಚಿತ್ರ, ಅಷ್ಟಕ್ಕೂ ಸಂಕಲನ ಮಾಡಿದವಳು ಅವಳೇ. ಹನ್ನೆರಡನೆಯ ಸಾಕ್ಷ್ಯಚಿತ್ರ ಅರ್ಧಕ್ಕೆ ನಿಂತಿತ್ತು. ಹೋದ ತಿಂಗಳು ಆಸ್ಪತ್ರೆಯಲ್ಲಿ ಅವನು ಅವಳ ಕೈ ಹಿಡಿದು, "ಮುಗಿಸು ಮಾರ್ಲಿಸ್. ಆದರೆ ಆಕೆ ಒಪ್ಪಿದರೆ ಮಾತ್ರ" ಎಂದಿದ್ದ. ಆಕೆ ಎಂದರೆ ಹೈಡ್ರುನ್. ಅವಳ ಬಾಯಿಂದ ಒಂದು "ಹ್ಞೂಂ" ಬರದಿದ್ದರೆ, ಈ ಊರಿನ ಕಲ್ಲಿದ್ದಲು ಗಣಿಯ ಹೆಂಗಸರ ಚಿತ್ರವೂ ಇವತ್ತೇ ಮಣ್ಣಿಗೆ ಸೇರಿದಂತೆ.

ಬರ್ಲಿನ್ನಿನಿಂದ ಬಂದವರು ಆರೇಳು ಜನ. ಉಳಿದವರೆಲ್ಲ ಊರವರೇ, ಹಳೆಯ ಗಣಿ ಕೆಲಸದವರು. ಇಲ್ಲೇ ಹೂಳಬೇಕೆಂದು ಅವನೇ ಬರೆದಿಟ್ಟಿದ್ದ. ಎಲ್ಲರೂ ಕಾಫಿಗೆಂದು ಹೋಟೆಲಿಗೆ ನಡೆದು ಹೋಗುವಾಗ ಉಶಿ ಉಸಿರು ಬಿಡುತ್ತ ಹೇಳಿದಳು: "ದೊಡ್ಡ ಡೈರೆಕ್ಟ್ರು ಅಂತ ನಮಗೆ ಗೊತ್ತೇ ಇರಲಿಲ್ಲ ಕಣ್ರೀ. ಸ್ಟುಡಿಯೋ ಮುಚ್ಚಿದಾಗ ಎರಡು ವರ್ಷ ಟ್ಯಾಕ್ಸಿ ಓಡಿಸಿದ. ಅದೇ ಟ್ಯಾಕ್ಸೀಲಿ ಕ್ಯಾಮರಾ ಹಾಕ್ಕೊಂಡು ಇಲ್ಲಿಗೆ ಬರ್ತಿದ್ದ. ಮೀಟರ್ ಓಡ್ತಿದೆಯೇನೋ ಅಂತ ನಾನು ರೇಗಿಸ್ತಿದ್ದೆ."

"ಅವರ ಎರಡನೇ ಕಥಾಚಿತ್ರ ನಾನು ಥಿಯೇಟರಲ್ಲಿ ನೋಡಿದೆ," ಎಂದಳು ಹೈಡ್ರುನ್. "ನಾನೂ ನನ್ನ ಮಗಳೂ. ಮುಂದಿನ ಸಾಲಲ್ಲಿ ಒಬ್ಬ ಮಲಗಿದ್ದ."

"ಚಿತ್ರ ಹೇಗಿತ್ತು?" ಎಂದು ಮಾರ್ಲಿಸ್ ಕೇಳಿದಳು.

"ಮಲಗಿದ್ದವನು ಕೊನೇಲಿ ಎದ್ದು ಕಣ್ಣೊರೆಸಿಕೊಂಡ. ಇನ್ನೇನು ಬೇಕು?"

*

ತೊಂಬತ್ತೆರಡರ ಮಾರ್ಚ್. ಗಣಿ ಮುಚ್ಚುವ ಕಾಗದವನ್ನು ಕಲ್ಲಿದ್ದಲು ಅಗೆಯುವ ಒಂದೊಂದೇ ದೈತ್ಯಯಂತ್ರದ ಕ್ಯಾಬಿನ್ನಿಗೆ ತಲುಪಿಸಿದ್ದರು. ಎಕ್ಕೆಹಾರ್ಟ್ ಕ್ಯಾಮರಾ ಹೊತ್ತು ಏಣಿ ಹತ್ತಿ ಇಳಿದು ಹೆಂಗಸರಿದ್ದ ಎಲ್ಲ ಕ್ಯಾಬಿನ್ನಿಗೂ ಹೋಗಿದ್ದ. ಸಂಕಲನದ ಮೇಜಿನ ಮೇಲೆ ಆ ರೀಲುಗಳನ್ನು ಓಡಿಸಿದಾಗ ಮಾರ್ಲಿಸ್ ಕಂಡದ್ದು ನಾಲ್ಕು ಮುಖ. ಮೂವರು ಅಳುತ್ತಿದ್ದರು. ಮೂರನೇ ಯಂತ್ರದಲ್ಲಿ ಕೂತಿದ್ದ ಹೈಡ್ರುನ್ ಕಾಗದ ಓದಿದಳು, ಮಡಚಿದಳು, ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತೊಡನೆ ಅವಳ ಮುಖ ಬಿಳಿಚಿಕೊಂಡಿತು. "ಇದನ್ನು ಯಾರಿಗೂ ತೋರಿಸಬೇಡಿ. ನಾಲ್ಕು ಸಾವಿರ ಜನರ ಅನ್ನ ಹೋಗಿದೆ, ನಾನು ನಗ್ತಿದ್ದೀನಿ. ಊರು ನನ್ನನ್ನ ಉಗಿಯುತ್ತೆ."

"ತೋರಿಸಲ್ಲ," ಎಂಬ ಎಕ್ಕೆಹಾರ್ಟ್‌ನ ದನಿ ಕೇಳಿಸಿ ರೀಲು ಮುಗಿದಿತ್ತು.

"ಬೇರೆ ಮೂವರದ್ದು ಸಾಕಲ್ಲ, ಅಷ್ಟರಲ್ಲೇ ಚಿತ್ರ ಆಗುತ್ತೆ," ಎಂದಿದ್ದಳು ಮಾರ್ಲಿಸ್.

"ಅವಳಿಲ್ಲದೆ ಅದು ಸುಳ್ಳಾಗುತ್ತೆ," ಎಂದು ಅವನು ಡಬ್ಬಿ ಮುಚ್ಚಿದ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಅವಳ ಮನೆಗೆ ಹೋಗಿ ಕಾಫಿ ಕುಡಿದು ಬಂದ. ಒಮ್ಮೆಯೂ ಆ ಮಾತು ಎತ್ತಲಿಲ್ಲ.

*

ಹೋಟೆಲಿನಲ್ಲಿ ಕಾಫಿ, ಪುಡಿಸಕ್ಕರೆ ಉದುರಿಸಿದ ಕೇಕು, ಒಂದೊಂದು ಗುಟುಕು ಮದ್ಯ. ಮಾರ್ಲಿಸ್ ತಟ್ಟೆ ಹಿಡಿದು ಹೈಡ್ರುನ್ ಎದುರು ಕೂತಳು. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತೆಲ್ಲ ಬಿಟ್ಟು ಬೇರೇನೋ ಹೊರಬಂತು.

"ಅವರಿಗೆ ಒಂದು ನೇಮ ಇತ್ತು, ಕುಬಿಟ್ಸ್ ಅವರೇ. ಚಿತ್ರ ಮುಗಿಯೋತನಕ ಅದರಲ್ಲಿರೋರಿಗೆ ನೀವು. ಮುಗಿದ ದಿನ ಒಂದು ಗುಟುಕು ಕುಡಿದು ನೀನು. ಸಲಿಗೆ ಆದರೆ ಜನ ನನ್ನನ್ನ ಮೆಚ್ಚಿಸೋಕೆ ಮಾತಾಡ್ತಾರೆ ಅಂತಿದ್ರು. ಉಶಿ ಅವರ ಹಾಡಿನ ತಂಡದ ಚಿತ್ರ ತೊಂಬತ್ತಾರರಲ್ಲಿ ಮುಗೀತು. ನಿಮ್ಮದು ಮುಗಿಯಲೇ ಇಲ್ಲ."

ಹೈಡ್ರುನ್ ಫೋರ್ಕು ಕೆಳಗಿಟ್ಟಳು. "ನಾನು ಬೇಡ ಅಂದಿದ್ದಕ್ಕೆ ಮುನಿಸು ಅಂದ್ಕೊಂಡಿದ್ದೆ."

"ಮುನಿಸಾ? ಕಾಯ್ತಿದ್ರು."

"ಏನನ್ನ ಬೇಡ ಅಂದೆ ನೀನು?" ಉಶಿ ಬಾಯಲ್ಲಿ ಕೇಕು ಇಟ್ಟುಕೊಂಡೇ ಕೇಳಿದಳು.

ಹೈಡ್ರುನ್ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಕಾಗದ ಬಂದ ದಿನ ನಾನು ನಕ್ಕೆ. ನೀವೆಲ್ಲ ಅಳ್ತಿದ್ರಿ."

"ಓ, ಅದಾ," ಎಂದಳು ಉಶಿ. "ಗೊತ್ತಲ್ಲ."

"ಏನು ಗೊತ್ತು?"

"ನಿನ್ನ ವೈರ್‌ಲೆಸ್ ಗುಂಡಿ ಒತ್ತಿಕೊಂಡೇ ಇತ್ತು ಕಣೇ! ಮೊಣಕೈ ಊರಿದ್ದೆಯೇನೋ. ಇಡೀ ಗಣಿಗೇ ಕೇಳಿಸ್ತು. ಅಳ್ತಾ ಕೂತಿದ್ದ ನಾನೂ ನಕ್ಕುಬಿಟ್ಟೆ. ಐದನೇ ಯಂತ್ರದ ಮುದುಕನಂತೂ ಎಂಜಿನ್ನೇ ನಿಲ್ಲಿಸಿ ಕೇಳಿದನಂತೆ."

"ಸುಳ್ಳು! ನಿನ್ನ ರೀಲಿನಲ್ಲಿ ನೀನು ಅಳ್ತಿದ್ದೀಯಂತಲ್ಲ!"

"ಆಮೇಲೆ ಎಕ್ಕೆ ನನ್ನ ಕ್ಯಾಬಿನ್ನಿಗೆ ಹತ್ತಿ ಬಂದ. ಕ್ಯಾಮರಾ ಎದುರಿಗೆ ನಗೋದು ಚೆನ್ನಾಗಿರಲ್ಲ ಅಂತ ಇನ್ನೊಂದು ಸಲ ಅತ್ತೆ."

ಮಾರ್ಲಿಸ್‌ಗೆ ಕಾಫಿ ನೆತ್ತಿಗೇರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಹೈಡ್ರುನ್ ಮಾತ್ರ ಬೆಪ್ಪಾಗಿ ಕೂತಿದ್ದಳು. "ಮೂವತ್ತು ವರ್ಷ," ಎಂದಳು. "ಬೇಕರಿಯಲ್ಲಿ ನಿನ್ನನ್ನ ಕಂಡರೆ ಹಿಂದಿನ ಬಾಗಿಲಿಂದ ಹೋಗ್ತಿದ್ದೆ. ಒಂದು ಮಾತು ಹೇಳಬಾರದಿತ್ತಾ ಕತ್ತೆ?"

"ನೀನು ಕೇಳಿದ್ರೆ ತಾನೇ!"

ಹೈಡ್ರುನ್ ಗ್ಲಾಸಿನಲ್ಲಿದ್ದುದನ್ನು ಉಶಿಯ ಗ್ಲಾಸಿಗೆ ಸುರಿದು ಎದ್ದಳು. "ನನಗೆ ಬೇಡ, ಸರೋವರದ ಮೇಲೆ ದೋಣಿ ನಡೆಸಬೇಕು. ಕ್ಯಾಮರಾ ತಂದಿದ್ದೀರಾ ಮಾರ್ಲಿಸ್ ಅವರೇ?"

"ಅವರದ್ದು ಕಾರಿನಲ್ಲಿದೆ. ಆದರೆ ನಾನು ಹಿಡಿದವಳಲ್ಲ, ಬರೀ ಕತ್ತರಿಸಿದವಳು."

"ನಾನೇನು ನೀರಲ್ಲಿ ಹುಟ್ಟಿದವಳಾ? ಐವತ್ತಾರನೇ ವಯಸ್ಸಿಗೆ ದೋಣಿ ನಡೆಸೋ ಪರೀಕ್ಷೆ ಬರೆದು ಪಾಸಾದೆ. ಬನ್ನಿ."

*

ಗಣಿಯ ಗುಂಡಿಗೆ ನೀರು ತುಂಬಿ ಸರೋವರವಾಗಿ ವರ್ಷಗಳೇ ಕಳೆದಿದ್ದವು. ಹೈಡ್ರುನ್ ವಾರಕ್ಕೆ ಐದು ದಿನ ಪ್ರವಾಸಿಗರನ್ನು ಅದರ ಮೇಲೆ ಸುತ್ತಿಸುತ್ತಿದ್ದಳು. ಸಂಜೆಯ ಬಿಸಿಲು ಇನ್ನೂ ಇತ್ತು. ಉಶಿಯನ್ನೂ ಕೂರಿಸಿಕೊಂಡು ನಡುನೀರಿಗೆ ಬಂದ ಮೇಲೆ ಎಂಜಿನ್ ಆರಿಸಿದಳು.

"ನನ್ನ ಯಂತ್ರ ನಿಂತಿದ್ದು ಇಲ್ಲೇ. ಕೆಳಗೆ ಐವತ್ತು ಮೀಟರ್. ಕೇಳಿ, ಏನು ಕೇಳಬೇಕೋ."

ಮಾರ್ಲಿಸ್ ಕಪ್ಪು ಕೋಟಿನಲ್ಲಿ ಬೆಂಚಿಗೆ ಒರಗಿ ಕೂತು ಕ್ಯಾಮರಾ ಹಿಡಿದಳು. ನಲವತ್ತು ವರ್ಷ ಬೇರೆಯವರ ಪ್ರಶ್ನೆಗಳನ್ನು ಕತ್ತರಿಸಿ ಬಿಸಾಡಿದವಳಿಗೆ ತನ್ನದೆಂದು ಹೊಳೆದದ್ದು ಒಂದೇ ಪ್ರಶ್ನೆ. "ಯಾಕೆ ನಕ್ಕಿರಿ?" ಎಂದಷ್ಟೇ ಕೇಳಿದಳು.

"ಹದಿನಾಲ್ಕು ವರ್ಷ ಪಾಳಿ. ನಾನು ಮನೆಗೆ ಬರೋ ಹೊತ್ತಿಗೆ ಮಗಳು ಶಾಲೆಗೆ ಹೋಗಿರ್ತಿದ್ದಳು, ಪಕ್ಕದ ಮನೆಯವಳು ಹಾಕಿದ ಸೊಟ್ಟ ಜಡೆಯಲ್ಲಿ. ಕಾಗದ ಓದಿದೆ. ನಾಳೆ ಬೆಳಗ್ಗೆ ನಾನೇ ಜಡೆ ಹಾಕಬಹುದಲ್ಲ ಅಂತ ಹೊಳೀತು. ಅಷ್ಟೇ. ಊಟಕ್ಕೇನು ಅನ್ನೋದು ಸಂಜೆಗೆ ನೆನಪಾಯ್ತು."

"ಹಾಕಿದೆಯಾ?" ಎಂದು ಉಶಿ ನಡುವೆ ಬಾಯಿ ಹಾಕಿದಳು.

"ಹಾಕಿದೆ. ಕೈಗೆ ಅಭ್ಯಾಸವೇ ಇರಲಿಲ್ಲ. ಅದಕ್ಕಿಂತ ಸೊಟ್ಟ!"

ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡತೊಡಗಿದರು. ಚುಕ್ಕಾಣಿ ಯಾರ ಕೈಯಲ್ಲೂ ಇರಲಿಲ್ಲ. ದೋಣಿ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಹೈಡ್ರುನ್‌ಳ ಮುಖದ ಹಿಂದೆ ಮೊದಲು ಕಾಡು, ಆಮೇಲೆ ಮರಳ ದಂಡೆ, ಆಮೇಲೆ ಬಿಳಿಯ ಹಾಯಿಗಳು, ಆಮೇಲೆ ಬರಿಯ ಬೆಳಕು ಹಾದುಹೋದವು. ಹೀಗೆ ಹಿನ್ನೆಲೆ ಓಡುತ್ತಿದ್ದರೆ ಎಲ್ಲಿ ಕತ್ತರಿಸಿದರೂ ತುಣುಕುಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಮಾರ್ಲಿಸ್‌ಗೆ ಗೊತ್ತಿತ್ತು. ದೋಣಿ ನಿಲ್ಲಿಸಿ ಅನ್ನಹೊರಟವಳು, ಇದನ್ನು ಕತ್ತರಿಸುವುದೇ ಬೇಡವೆಂದು ಕ್ಯಾಮರಾ ಓಡಲು ಬಿಟ್ಟಳು. ದಂಡೆ ಎರಡನೇ ಸುತ್ತಿಗೆ ಬಂತು.