ನಲವತ್ತೊಂದನೇ ಸಾಲು

ಇದನ್ನು ಹೇಳುವ ಹಕ್ಕು ಇದೆಯೋ ಇಲ್ಲವೋ ತಿಳಿಯದು; ಇನ್ನೊಬ್ಬರ ನೋವನ್ನು ಕಥೆ ಮಾಡಿದಂತಾದರೆ ಓದುವವರು ಕ್ಷಮಿಸಬೇಕು. ಬೆಳಗಿನ ಒಂಬತ್ತೂವರೆಗೆ ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಫೋನು ಬಡಿದುಕೊಂಡಾಗ ಅವಳು ಟೀ ಲೋಟಕ್ಕೆ ಕೈ ಹಾಕಿದ್ದಳಷ್ಟೆ.

"ನಿಮ್ಮ ಪ್ರೋಗ್ರಾಂ ಯಾರಿಗಾದ್ರೂ ಮೆಸೇಜ್ ಕಳಿಸಿದ್ಯಾ?" ಕೆಳಗಿನ ಕೌಂಟರಿನ ಸಿಸ್ಟರ್ ಕೇಳಿದರು. "ಇಲ್ಲೊಬ್ಬ ಅಜ್ಜ ಬಂದಿದ್ದಾರೆ. ಕಣ್ಣು ಸಿಕ್ಕಿದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಬಂದಿದೆಯಂತೆ. ನಮ್ಮ ಹತ್ರ ಇವತ್ತು ಯಾವ ಕಣ್ಣೂ ಇಲ್ಲ."

ಅವಳಿಗೆ ತಕ್ಷಣ ಗೊತ್ತಾಯಿತು. ನಲವತ್ತೊಂದನೇ ಸಾಲು.

ದಾನವಾಗಿ ಬಂದ ಕಣ್ಣಿಗೆ ಕಾಯುವವರ ಪಟ್ಟಿಯೊಂದು ಆಸ್ಪತ್ರೆಯ ವೆಬ್ ತಂತ್ರಾಂಶದಲ್ಲಿತ್ತು. ಸರದಿ ಬಂದವರಿಗೆ ಮೆಸೇಜು ಹೋಗುತ್ತಿದ್ದದ್ದೂ ಅಲ್ಲಿಂದಲೇ. ಅದನ್ನು ತಿದ್ದುವ, ಹೊಸದನ್ನು ಸೇರಿಸುವ ಕೆಲಸ ಅವಳದು. ಇದೇ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಹಗಲು ಟೈಪ್ ಮಾಡಿ, ಸಂಜೆ ತರಗತಿಯಲ್ಲಿ ಪ್ರೋಗ್ರಾಮಿಂಗ್ ಕಲಿತು ಮೇಲೆ ಬಂದವಳು. ಕಲಿತದ್ದರ ಮೇಲೆ ಅವಳಿಗೇ ಭರವಸೆ ಸಾಲದು. ಯಾವುದಕ್ಕೂ "ಇನ್ನೊಂದ್ಸಲ ನೋಡಿಬಿಡ್ತೀನಿ" ಅನ್ನುವಳು. ಕೋಣೆಯವರು ಅವಳಿಗೆ 'ಇನ್ನೊಂದ್ಸಲ' ಅಂತಲೇ ಹೆಸರಿಟ್ಟಿದ್ದರು.

ಹಿಂದಿನ ದಿನ ಅವಳು ನಿಜವಾದ ಪಟ್ಟಿಯ ನಕಲನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಅದರ ನಲವತ್ತೊಂದನೇ ಸಾಲಿನವರ ಹೆಸರಿನಲ್ಲಿ ಮೆಸೇಜಿನ ಭಾಗವನ್ನು ಪರೀಕ್ಷಿಸಿದ್ದಳು. ಹಾಗೆ ಮಾಡುವಾಗ ಸೆಟ್ಟಿಂಗ್ಸ್ ಫೈಲಿನಲ್ಲಿ ಎರಡು ಸಾಲು ಬದಲಿಸಬೇಕು. ಪಟ್ಟಿ ಎಲ್ಲಿದೆ ಅನ್ನುವ ಸಾಲನ್ನು ಮೂರು ಸಲ ನೋಡಿ ಬದಲಿಸಿದ್ದಳು. ಮೆಸೇಜು ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ಸಾಲು ಹಾಗೇ ಉಳಿದಿತ್ತು; ಪರೀಕ್ಷೆಯ ಮೆಸೇಜು ನಿಜವಾದ ಫೋನಿಗೇ ಹೋಗಿತ್ತು.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದಳು. ಗೋಡೆಬದಿಯ ಬೆಂಚಿನಲ್ಲಿ, ಕೊರಳಿನವರೆಗೂ ಗುಂಡಿ ಹಾಕಿದ ಇಸ್ತ್ರಿ ಅಂಗಿಯಲ್ಲಿ, ಹಾಲುಬಿಳುಪು ಕಣ್ಣಿನ ಮುದುಕರೊಬ್ಬರು ಕುಳಿತಿದ್ದರು. ಪಕ್ಕದಲ್ಲಿ ಮಗಳು, ಮಡಿಲಲ್ಲಿ ಎರಡು ದಿನಕ್ಕಾಗುವಷ್ಟು ಬಟ್ಟೆಯ ಚೀಲ.

"ಆ ಮೆಸೇಜ್ ಕಳಿಸಿದ್ದು ನಾನು," ಎಂದಳು. "ಪರೀಕ್ಷೆಗೆ ಅಂತ. ನಿಮಗೆ ಬರಬಾರದಿತ್ತು. ತಪ್ಪಾಯ್ತು."

"ಪರೀಕ್ಷೆಗಾ?" ಮಗಳು ಎದ್ದು ನಿಂತಳು. "ನಿನ್ನೆಯಿಂದ ಇವರು ಪೆಟ್ಟಿಗೆಯಲ್ಲಿದ್ದ ಪುಸ್ತಕ ಎಲ್ಲ ತೆಗೆಸಿ, ನನ್ನ ಕೈಲಿ ಹೆಸರು ಓದಿಸಿ, ಸಾಲಾಗಿ ಇಡಿಸಿದ್ದಾರೆ ಮೇಡಂ. ಮೊದಲು ಯಾವುದನ್ನ ಓದೋದು ಅಂತ. ನಿಮ್ಮ ಪರೀಕ್ಷೆಗೆ ಇವರೇ ಬೇಕಿತ್ತಾ?"

"ಕೂತ್ಕೋ," ಎಂದು ಮುದುಕರು ಮಗಳ ಸೆರಗು ಎಳೆದರು. ಆಮೇಲೆ ದನಿ ಬಂದತ್ತ ಮುಖ ತಿರುಗಿಸಿದರು. "ಅವಳು ಕೇಳಿದ್ದು ಸರಿಯಾಗೇ ಇದೆ ಅಮ್ಮ. ಅಷ್ಟು ಜನರಲ್ಲಿ ನಾನೇ ಯಾಕೆ?"

ಸುಳ್ಳು ಹೇಳಲು ಅವಳಿಗೆ ಏನೂ ಹೊಳೆಯಲಿಲ್ಲ. "ಪಟ್ಟಿಯಲ್ಲಿ ಎಲ್ಲ ಖಾನೆನೂ ತುಂಬಿರೋದು ನಿಮ್ಮದೊಂದೇ. ಬೇರೆಯವರದ್ದರಲ್ಲಿ ಮನೆ ನಂಬರ್ ಇಲ್ಲ, ಹುಟ್ಟಿದ ತಾರೀಖು ಇಲ್ಲ. ಏನೂ ಖಾಲಿ ಇಲ್ಲದ ಸಾಲು ಸಿಕ್ಕಿದ್ರೆ ಪರೀಕ್ಷೆ ಮಾಡೋದು ಸುಲಭ. ಯಾವಾಗಲೂ ನಿಮ್ಮದನ್ನೇ ತಗೊಳ್ತಿದ್ದೆ."

ಮುದುಕರು ಮೂಗಿನಲ್ಲೇ ನಕ್ಕರು. "ಅಚ್ಚುಕೂಟದಲ್ಲಿ ನಲವತ್ತು ವರ್ಷ ಅಕ್ಷರದ ಮೊಳೆ ಜೋಡಿಸಿದೋನು ನಾನು. ಅಲ್ಲಿ ಖಾಲಿ ಜಾಗಕ್ಕೂ ಒಂದು ಸೀಸದ ತುಂಡು ಇಡಬೇಕು. ಇಡದಿದ್ರೆ ಸಾಲು ನಿಲ್ಲಲ್ಲ. ಆ ಚಾಳಿ ನೋಡಿ, ಅರ್ಜಿಗೂ ಬಂತು." ನಗು ಇಳಿಯಿತು. "ನೀವು ಕರಡನ್ನ ಅಚ್ಚು ಅಂತ ಊರಿಗೆ ಹಂಚಿಬಿಟ್ರಿ ಅಷ್ಟೇ. ನಮ್ಮಲ್ಲೂ ಆಗಿದೆ. ಆದ್ರೆ ಒಂದು ಹೇಳಿ. ನಾಳೆ ನಿಜವಾದ್ದು ಬಂದ್ರೆ ನಾನು ಹೇಗೆ ನಂಬೋದು? ಮೆಸೇಜ್ ಬಂದ ನಾಲ್ಕು ಗಂಟೆಯೊಳಗೆ ಬರ್ತೀನಿ ಅನ್ನದಿದ್ರೆ ಮುಂದಿನವರಿಗೆ ಹೋಗುತ್ತಂತಲ್ಲ."

"ನಾನೇ ಫೋನ್ ಮಾಡಿ ಹೇಳ್ತೀನಿ," ಎಂದಳು. ಬಾಯಿಂದ ಬಂದ ಮಾತನ್ನು ಆ ಒಂದು ಸಲ ಅವಳು ತಿರುಗಿ ನೋಡಲಿಲ್ಲ.

ಮೇಲೆ ಹೋದಾಗ ಕೋಣೆಯ ಮುಖ್ಯಸ್ಥರಿಗೆ ಸುದ್ದಿ ಮುಟ್ಟಿತ್ತು. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ನೀನು ಮಾಡಿದ್ದನ್ನ ನಾವೆಲ್ಲ ಮಾಡ್ತಿದ್ವಿ. ಸಿಕ್ಕಿಬಿದ್ದಿದ್ದು ನೀನು," ಎಂದರು. "ಶುಕ್ರವಾರದೊಳಗೆ ಪರೀಕ್ಷೆಗೆ ಅಂತಲೇ ಒಂದು ಬೇರೆ ಪರಿಸರ ಆಗಬೇಕು. ನಾವು ಇಲ್ಲಿ ಏನೇ ಕುಣಿದರೂ ಹೊರಗಿನ ಒಂದು ಎಲೆನೂ ಅಲ್ಲಾಡಬಾರದು. ಆದ ಮೇಲೆ ನಿಜವಾದ ಪಟ್ಟಿಯ ಕೀಲಿ ಈ ಕೋಣೆಯಲ್ಲಿ ಯಾರ ಹತ್ರನೂ ಇರಲ್ಲ. ನಿನ್ನ ಹತ್ರನೂ, ನನ್ನ ಹತ್ರನೂ."

"ಒಬ್ಬರ ಹತ್ರ ಆದ್ರೂ ಇದ್ರೆ ಒಳ್ಳೇದಲ್ವಾ ಸರ್?"

"ಯಾಕೆ? ಯಾರ ಸರದಿ ಅಂತ ನಮಗೆ ಗೊತ್ತಾದ್ರೆ ನಾಳೆ ನಮ್ಮ ಮಾವನದು ಮೊದಲು ಬರಲಿ ಅನ್ನೋ ಆಸೆ ಹುಟ್ಟುತ್ತೆ. ಬೇಡಮ್ಮ."

ಮೂರು ದಿನ ತಲೆಯೆತ್ತದೆ ಕೆಲಸ ಮಾಡಿದಳು. ಕಂಪ್ಯೂಟರಿನೊಳಗೇ ಒಂದು ಮುಚ್ಚಿದ ಪೆಟ್ಟಿಗೆ. ಅದರೊಳಗೆ ತಂತ್ರಾಂಶದ ಇನ್ನೊಂದು ಪ್ರತಿ, ಅದಕ್ಕೇ ಬೇರೆ ಪಟ್ಟಿ, ಬೇರೆ ಪಾಸ್‌ವರ್ಡು. ಹೊರಗಿನ ನೆಟ್‌ವರ್ಕಿಗೆ ಇದ್ದ ದಾರಿಗಳನ್ನು ಒಂದೊಂದಾಗಿ ಮುಚ್ಚಿದಳು. ಮೆಸೇಜು ಹೊರಟರೂ ಪೆಟ್ಟಿಗೆಯೊಳಗಿನ ಸುಳ್ಳು ಅಂಚೆಡಬ್ಬಿಗೇ ಬೀಳುವಂತೆ ಮಾಡಿದಳು. ಪ್ರತಿ ಪುಟದ ನೆತ್ತಿಯಲ್ಲಿ ಕೆಂಪಕ್ಷರದಲ್ಲಿ 'ಕರಡು' ಎಂದು ಬರೆದಳು. ಆಮೇಲೆ ಜನ ಬೇಕಲ್ಲ. ಇನ್ನೂರು ಸುಳ್ಳು ಹೆಸರು, ಸುಳ್ಳು ವಿಳಾಸ, ಎಲ್ಲೂ ರಿಂಗಾಗದ ಫೋನ್ ನಂಬರು ಕೂತು ಹುಟ್ಟಿಸಿದಳು. ಬೇಕೆಂದೇ ಕೆಲವು ಖಾನೆಗಳನ್ನು ಖಾಲಿ ಬಿಟ್ಟಳು. ನಲವತ್ತೊಂದನೇ ಸಾಲಿಗೆ ಬಂದಾಗ ಎಲ್ಲ ತುಂಬಿ, ವೃತ್ತಿ ಅನ್ನುವಲ್ಲಿ ಬಹಳ ಹೊತ್ತು ಕೈ ನಿಲ್ಲಿಸಿ, ಕೊನೆಗೆ 'ದರ್ಜಿ' ಎಂದು ಹಾಕಿದಳು.

ಶುಕ್ರವಾರ ಮಧ್ಯಾಹ್ನ ಉಳಿದದ್ದು ಎರಡೇ ಕೆಲಸ: ನಿಜವಾದ ಪಟ್ಟಿಯ ನಕಲನ್ನು ಅಳಿಸುವುದು, ತನ್ನ ಕೀಲಿಯನ್ನು ತೆಗೆಯುವುದು. ಕೀಲಿ ಅಂದರೆ ಪಟ್ಟಿ ತೆರೆಯುವ ಪಾಸ್‌ವರ್ಡಿನ ಒಂದೇ ಒಂದು ಸಾಲು. ಇನ್ನೊಂದು ಫೈಲಿನ ಮೂಲೆಯಲ್ಲಿ ಇಟ್ಟುಕೊಂಡರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ದಿನಕ್ಕೊಮ್ಮೆ ಪಟ್ಟಿಯನ್ನು ಇಣುಕಿದರೆ ಸಾಕು, ಅಜ್ಜನ ಸರದಿ ಬಂದ ದಿನ ಫೋನು ಮಾಡಬಹುದು. ಮಾತು ಕೊಟ್ಟಿದ್ದೇನಲ್ಲ ಅಂದುಕೊಂಡಳು. ಕಳ್ಳನಿಗೊಂದು ಪಿಳ್ಳೆ ನೆವ ಅಂತಲೂ ಅಂದುಕೊಂಡಳು. ಕೆಳಗಿಳಿದು ಕೌಂಟರಿಗೆ ಹೋದಳು.

"ಸಿಸ್ಟರ್, ಆ ಅಚ್ಚುಕೂಟದ ಅಜ್ಜನಿಗೆ ಮೆಸೇಜ್ ಹೋದ ದಿನ ನೀವು ಫೋನೂ ಮಾಡ್ತೀರಾ?"

"ಎಲ್ಲರಿಗೂ ಮಾಡೋಕೆ ನನಗೇನು ಹತ್ತು ಬಾಯಿ ಇದ್ಯಾ?"

"ಅವರೊಬ್ಬರಿಗೆ."

"ಒಬ್ಬರಿಗೆ ಮಾಡಿದ್ರೆ ಅದು ಸರದಿ ಅಲ್ಲ ಕಣಮ್ಮ, ಶಿಫಾರಸು." ಸಿಸ್ಟರ್ ಚೀಟಿಗಳನ್ನು ಜೋಡಿಸುತ್ತಲೇ ಇದ್ದರು. "ನೋಡೋಣ. ನನ್ನ ಪಾಳಿಯಲ್ಲಿ ಬಂದ್ರೆ. ನೆನಪಿದ್ರೆ."

ಮೇಲೆ ಬಂದು, ಕೋಣೆಯ ಲ್ಯಾಂಡ್‌ಲೈನಿನಿಂದ, ಇನ್ನೂ ಅಳಿಸದ ನಕಲಿನಲ್ಲಿ ನಂಬರು ನೋಡಿ ಮುದುಕರಿಗೆ ಫೋನು ಮಾಡಿದಳು. ಎತ್ತಿದವರು ಅವರೇ.

"ಅವತ್ತು ಫೋನ್ ಮಾಡ್ತೀನಿ ಅಂದಿದ್ದೆ. ನನ್ನಿಂದ ಆಗಲ್ಲ. ಇನ್ಮೇಲೆ ಪಟ್ಟಿ ನನಗೂ ಕಾಣಲ್ಲ."

"ಬಾಗಿಲು ಹಾಕ್ತಿದ್ದೀರಿ ಅನ್ನಿ. ಕರಡು ಹೊರಗೆ ಹೋಗದ ಹಾಗೆ."

"ಹೌದು. ಮೆಸೇಜ್ ಬಂದ್ರೆ ಅದು ನಿಜದ್ದೇ ಆಗಿರುತ್ತೆ. ದಯವಿಟ್ಟು ನಂಬಿ."

"ನಾನು ನಂಬ್ತೀನಮ್ಮ. ಆದ್ರೆ ಮೆಸೇಜ್ ಓದೋದು ನನ್ನ ಮಗಳು. ಈಗ ಆಸ್ಪತ್ರೆ ಹೆಸರು ಕಂಡ್ರೇ ಅಳಿಸಿಬಿಡ್ತಾಳೆ. ಅಪ್ಪನಿಗೆ ಮತ್ತೆ ಆಸೆ ಹುಟ್ಟಿಸೋದು ಬೇಡ ಅಂತ."

"ಅವರ ಹತ್ರ ನಾನು ಮಾತಾಡ್ಲಾ?"

"ಬೇಡ. ನಿಮ್ಮ ದನಿ ಕೇಳಿದ್ರೆ ಇನ್ನೂ ಕೆಡುತ್ತೆ. ನಾನೇ ಹೇಳ್ತೀನಿ." ಅತ್ತ ಕುರ್ಚಿ ಸರಿದ ಸದ್ದಾಯಿತು. "ಗಟ್ಟಿಯಾಗಿ ಹಾಕಿ ಬಾಗಿಲು. ಅರ್ಧಂಬರ್ಧ ಹಾಕಬೇಡಿ."

ಫೋನಿಟ್ಟಳು. ನಕಲನ್ನು ಅಳಿಸಿದಳು; ಅದರೊಡನೆ ಆ ನಂಬರೂ ಹೋಯಿತು. ಬರೆದಿಟ್ಟುಕೊಂಡಿರಲಿಲ್ಲ. ಕೀಲಿಯ ಸಾಲನ್ನು ತೆಗೆದಳು.

ಕೊನೆಯದಾಗಿ, ಮಾಡಿದ್ದು ಸರಿಯಿದೆಯೇ ಎಂದು ತಿಳಿಯಲು ಇರುವುದು ಒಂದೇ ಉಪಾಯ: ಪೆಟ್ಟಿಗೆಯಿಂದ ಹೊರಗೆ ಹೋಗಲು ನೋಡಿ ಸೋಲುವುದು. ಅವಳು ನಿಜವಾದ ಪಟ್ಟಿಯ ವಿಳಾಸವನ್ನು ಟೈಪ್ ಮಾಡಿ ಕಾದಳು. ಚಕ್ರ ತಿರುಗಿತು, ನಿಂತಿತು. ಪ್ರವೇಶವಿಲ್ಲ ಎಂಬ ಮಾತು ಮೂಡಿತು.

"ಆಯ್ತಾ?" ಹಿಂದಿನಿಂದ ಮುಖ್ಯಸ್ಥರು ಕೇಳಿದರು.

"ಆಯ್ತು ಸರ್," ಎಂದಳು. ಕಣ್ಣು ಪರದೆಯ ಮೇಲೇ ಇತ್ತು.

ಅದಾದ ಮೇಲೆ ಎಷ್ಟು ಕಣ್ಣು ಬಂದವು, ಮುದುಕರ ಸರದಿ ಬಂತೋ, ಬಂದ ದಿನ ಸಿಸ್ಟರ್ ಪಾಳಿಯಲ್ಲಿದ್ದರೋ, ಮಗಳು ಮೆಸೇಜನ್ನು ಓದಿ ಹೇಳಿದಳೋ ಅಳಿಸಿದಳೋ, ಅವಳಿಗೆ ತಿಳಿಯುವ ದಾರಿ ಉಳಿಯಲಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.