ಇನ್ಸ್‌ಪೆಕ್ಟರ್ ತಿಂದ

ಅಕ್ಕನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಒಂದು ಕೆಟ್ಟ ಜ್ವರ ಬಂದು ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗಿತ್ತು. ಒಲೆಯ ಮೇಲೆ ಹಾಲು ಸೀದರೆ ಹೊಗೆ ಕಂಡ ಮೇಲೇ ಅವಳಿಗೆ ಗೊತ್ತಾಗಬೇಕು. ಪ್ರಯಾಣ ಹೋಗುವವರು ಬಿಟ್ಟುಹೋಗುವ ನಾಯಿಗಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವುದು ಅವಳ ಕೆಲಸ. ಹನ್ನೊಂದು ನಾಯಿಗಳಿರುವ ಮನೆಯಲ್ಲಿ ಮೂಗು ಸತ್ತಿರುವುದೇ ಅನುಕೂಲ ಎಂದು ಅವಳೇ ನಗುತ್ತಿದ್ದಳು.

ಆದರೆ ನಾಯಿಯ ಆಹಾರ ಕೊಳ್ಳುವವರಿಗೆ ಮೂಗು ಬೇಕು. ಚೀಲದ ಮೇಲೆ ಮೈ ಮಿರಮಿರ ಮಿಂಚುವ ನಾಯಿಯ ಚಿತ್ರ ಇರುತ್ತದೆ, ಪ್ರೋಟೀನ್ ಎಷ್ಟು ಎಂದಿರುತ್ತದೆ, ಯಾವ ತಿಂಗಳೊಳಗೆ ಬಳಸಬೇಕು ಎಂದಿರುತ್ತದೆ. ಒಳಗಿನ ಕಾಳಿನ ಎಣ್ಣೆ ಕಮಟಾಗಿದೆಯೋ, ಕಾಳು ಮುಗ್ಗಿದೆಯೋ ಎಂದು ಬರೆದಿರುವುದಿಲ್ಲ.

ಅದಕ್ಕಾಗಿ ಇನ್ಸ್‌ಪೆಕ್ಟರ್ ಇದ್ದ. ಅಕ್ಕನ ಸ್ವಂತ ನಾಯಿ. ವಯಸ್ಸಾಗಿತ್ತು, ಒಂದು ಕಿವಿ ಮಡಚಿಕೊಂಡಿತ್ತು, ಊಟದ ವಿಷಯದಲ್ಲಿ ಹೊಸ ಅಳಿಯನಿಗಿಂತ ಹೆಚ್ಚು ನಖರಾ. ಹೊಸ ಚೀಲ ಬಿಚ್ಚಿದರೆ ಮೊದಲ ಬಟ್ಟಲು ಅವನಿಗೆ. ತಿಂದರೆ ಪಾಸು, ಮೂಸಿ ಮುಖ ತಿರುಗಿಸಿದರೆ ಚೀಲ ವಾಪಸ್ಸು. ನಾಯಿ ಆಹಾರದ ಅಂಗಡಿ ಇಟ್ಟಿದ್ದ ತಮ್ಮನೂ ಈ ಪದ್ಧತಿಗೆ ಒಗ್ಗಿಹೋಗಿದ್ದ. ದಿನವಿಡೀ ಚೀಲಗಳ ಮಧ್ಯೆ ಕೂತು ಅವನ ಮೂಗಿಗೂ ಎಲ್ಲ ಒಂದೇ ಆಗಿತ್ತು. ಯಾವುದಾದರೂ ಮಾಲಿನ ಮೇಲೆ ಅನುಮಾನ ಬಂದರೆ ಒಂದು ಚೀಲ ಅಕ್ಕನ ಮನೆಗೆ ಕಳಿಸಿ, ಮಾರನೆಯ ದಿನ ಫೋನ್ ಮಾಡುತ್ತಿದ್ದ. "ಏನಂತಾರೆ ಸಾಹೇಬ್ರು?"

ಈ ಸಲ ತಮ್ಮ ಕಳಿಸಿದ ಚೀಲ ಬಿಚ್ಚಿದಾಗ ಸಾಹೇಬರು ಬಟ್ಟಲನ್ನು ಮೂತಿಯಿಂದ ಗೋಡೆಯವರೆಗೆ ತಳ್ಳಿದರು. ಸಂಜೆಯೂ ಅದೇ. ಆಗಷ್ಟೇ ಅಕ್ಕ ಅವನ ಒಂದು ಹಲ್ಲು ಕೀಳಿಸಿದ್ದಳು. ಜಗಿಯಲು ನೋವಿರಬೇಕು ಎಂದುಕೊಂಡು ಕೋಳಿ ಮೂಳೆ ಬೇಯಿಸಿದ ನೀರನ್ನು ಬಿಸಿಬಿಸಿಯಾಗಿ ಕಾಳಿನ ಮೇಲೆ ಸುರಿದಳು. ಬಟ್ಟಲು ನೆಕ್ಕಿ ಖಾಲಿಯಾಯಿತು. ತಮ್ಮ ಫೋನ್ ಮಾಡಿದಾಗ ಒಳಗೆ ಎರಡು ನಾಯಿಗಳು ಕಚ್ಚಾಡುತ್ತಿದ್ದವು. "ತಿಂದ ಕಣೋ" ಎಂದು ಹೇಳಿ ಇಟ್ಟುಬಿಟ್ಟಳು. ಮೂಳೆ ನೀರಿನ ಮಾತು ಹೇಳುವಂಥದ್ದು ಎಂದೇ ಅವಳಿಗೆ ಅನ್ನಿಸಲಿಲ್ಲ. ಅದೇ ಮಾಲಿನ ಇನ್ನಷ್ಟು ಚೀಲ ಮನೆಗೆ ಬಂತು. ಬೇರೆಯವರು ಬಿಟ್ಟುಹೋದ ನಾಯಿಗಳೂ ಮುಖ ತಿರುಗಿಸಿದಾಗ ಅವುಗಳ ಬಟ್ಟಲಿಗೂ ಅದೇ ನೀರು ಬಿತ್ತು.

ಕೆಲವು ವಾರ ಕಳೆದ ಮೇಲೆ ಬ್ಯಾಂಕ್ ಗುಮಾಸ್ತರೊಬ್ಬರು ಬಿಟ್ಟುಹೋಗಿದ್ದ ಕಪ್ಪು ಹೆಣ್ಣುನಾಯಿ ಮೂಲೆ ಹಿಡಿದು ಮಲಗಿತು. ಇನ್ಸ್‌ಪೆಕ್ಟರ್ ನೀರು ಕುಡಿಯುತ್ತಿದ್ದ, ಕಕ್ಕುತ್ತಿದ್ದ, ಮತ್ತೆ ಕುಡಿಯುತ್ತಿದ್ದ. ಅಕ್ಕ ಅವನ ತುಟಿ ಎತ್ತಿ ನೋಡಿದಳು. ವಸಡು ಹಳದಿಯಾಗಿತ್ತು.

ಮಧ್ಯಾಹ್ನ ನಾಯಿ ಡಾಕ್ಟರಮ್ಮ ಬಂದರು. ಎರಡೂ ನಾಯಿಗಳನ್ನು ನೋಡಿದವರು ನೇರ ಚೀಲದ ಹತ್ತಿರ ಹೋಗಿ ಬಗ್ಗಿದರು, ಬಗ್ಗಿದಷ್ಟೇ ಬೇಗ ತಲೆ ಹಿಂದೆ ತೆಗೆದರು.

"ಇದನ್ನ ಮೂಸಿ ನೋಡಿದ್ರಾ?"

"ನನಗೆ ವಾಸನೆ ಬರಲ್ಲ ಡಾಕ್ಟ್ರೇ."

"ಮತ್ತೆ ಯಾರು ನೋಡಿದ್ದು?"

ಅಕ್ಕ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಕೇಳಲು ಪುರಸೊತ್ತೂ ಇರಲಿಲ್ಲ. "ಒದ್ದೆಯಾಗಿ ಬೂಷ್ಟು ಹಿಡಿದ ಮಾಲು ಇದು. ಯಾರೋ ಒಣಗಿಸಿದಾರೆ. ಬೂಷ್ಟು ಒಣಗುತ್ತೆ, ಅದು ಬಿಟ್ಟ ವಿಷ ಒಣಗಲ್ಲ, ಬೇಯಿಸಿದ್ರೂ ಹೋಗಲ್ಲ. ಲಿವರ್‌ಗೇ ಹೊಡೆಯುತ್ತೆ. ಲ್ಯಾಬಿಂದ ಬರೋವರೆಗೆ ನಾನು ಖಾತ್ರಿ ಹೇಳಲ್ಲ. ಆದ್ರೆ ಪ್ರತಿ ಊಟಕ್ಕೂ ಮೈಯಲ್ಲಿ ಇನ್ನಷ್ಟು ಸೇರುತ್ತೆ. ಇವತ್ತು ಸಂಜೆ ಇದರ ಒಂದು ಕಾಳೂ ಯಾವ ನಾಯಿ ಬಾಯಿಗೂ ಬೀಳಬಾರದು." ಕಪ್ಪು ನಾಯಿಯ ಕಾಲಿಗೆ ಡ್ರಿಪ್ ಚುಚ್ಚುತ್ತಾ ಕೇಳಿದರು: "ಇದು ಇನ್ನೂ ಯಾರ ಮನೇಲಿದೆ?"

ನಾಯಿಗಳನ್ನು ಡಾಕ್ಟರಮ್ಮನ ಕೈಗೆ ಬಿಟ್ಟು ಅಕ್ಕ ಅಂಗಡಿಗೆ ಓಡಿದಳು.

ತಮ್ಮ ತಗಡಿನ ಮಗ್ಗಿನಿಂದ ಟೈಲರ್ ಒಬ್ಬನ ಕೈಚೀಲಕ್ಕೆ ಕಾಳು ಸುರಿಯುತ್ತಿದ್ದ. ಅಕ್ಕ ಅವನ ಮಣಿಕಟ್ಟು ಹಿಡಿದಳು.

"ಸುರಿಯಬೇಡ."

"ಗಿರಾಕಿ ಮುಂದೆ ಏನೇ ಅಕ್ಕಾ ಇದು?"

"ಅಣ್ಣಾ, ಇವತ್ತು ನಿಮ್ಮ ನಾಯಿಗೆ ಮನೇಲಿರೋ ಅನ್ನ ಹಾಕಿ" ಎಂದು ಟೈಲರನ ಚೀಲವನ್ನು ಅವಳೇ ಖಾಲಿ ಮಾಡಿದಳು. ಅವನು ಇಬ್ಬರ ಮುಖವನ್ನೂ ನೋಡಿ, ಮನೆ ಜಗಳ ಎಂದುಕೊಂಡು ಹೊರಟ. ತಮ್ಮ ಷಟರನ್ನು ಅರ್ಧಕ್ಕೆ ಎಳೆದ.

"ಈ ಮಾಲು ಒದ್ದೆ ಆಗಿತ್ತಾ?"

ಅವನು ಮಗ್ಗನ್ನು ಕೆಳಗಿಟ್ಟ. "ಗೋಡೌನಲ್ಲಿ ಪೈಪ್ ಒಡೆದಿತ್ತು. ಕೆಳಗಿನ ಸಾಲು ನೆನೀತು. ಒಣಗಿಸಿದೆ ಕಣೇ. ಟಾರ್ಪಾಲ್ ಹಾಸಿ, ಫ್ಯಾನ್ ಹಾಕಿ, ಗರಿಗರಿ ಆಗೋವರೆಗೆ. ಆಮೇಲೆ ತಾನೇ ಹೊಸ ಚೀಲಕ್ಕೆ ತುಂಬಿದ್ದು."

"ನನಗೆ ಹೇಳಲಿಲ್ಲ."

"ಹೇಳಿದ್ರೆ ನೀನು ಮುಟ್ತಿದ್ದೆಯಾ? ಅದಕ್ಕೇ ಮೊದಲು ನಿನಗೆ ಕಳಿಸಿದ್ದು! ನಾನೇನು ಕಣ್ಣು ಮುಚ್ಚಿ ಮಾರಿದ್ನಾ? ಅವನು ತಿಂದ ಅಂತ ನೀನೇ ಅಂದೆ. ನೀನು ಹಾಗಂದ ಮೇಲೇ ಉಳಿದ ಚೀಲ ಬಿಚ್ಚಿದ್ದು."

ಇಲ್ಲಿ ಸುಮ್ಮನಿದ್ದರೆ ತಪ್ಪೆಲ್ಲ ಅವನ ತಲೆಗೇ ಹೋಗುತ್ತಿತ್ತು. ಅದು ಅಕ್ಕನಿಗೆ ಹೊಳೆಯದೆ ಇರಲಿಲ್ಲ.

"ಮೂಳೆ ನೀರು ಹಾಕಿದ್ದೆ."

"ಏನು?"

"ಎರಡು ಹೊತ್ತು ಮುಟ್ಟಲಿಲ್ಲ ಅವನು. ಹಲ್ಲು ನೋವು ಅಂದ್ಕೊಂಡು ಮೂಳೆ ನೀರು ಹಾಕಿದೆ. ಆಮೇಲೆ ತಿಂದ."

ತಮ್ಮ ಚೀಲದ ಮೇಲೆ ಕುಕ್ಕರಿಸಿದ. "ಮೂಳೆ ನೀರು ಹಾಕಿದ್ರೆ ಅವನು ಚಪ್ಪಲೀನೂ ತಿಂತಾನೆ ಕಣೇ!"

"ಬೈಯೋದು ಆಮೇಲೆ ಬೈ. ಸಂಜೆ ಊಟದ ಹೊತ್ತಾಗ್ತಾ ಬಂತು. ಯಾರ್ಯಾರಿಗೆ ಕೊಟ್ಟಿದೀಯ, ಫೋನ್ ಹಚ್ಚು."

"ಹಚ್ಚಿ ಏನಂತ ಹೇಳಲಿ? ಬೂಷ್ಟು ಮಾರಿದೆ ಅಂತಾನಾ? ನಾಳೆಯಿಂದ ಈ ಅಂಗಡಿಗೆ ನೊಣಾನೂ ಬರಲ್ಲ. ಸ್ವಲ್ಪ ತಡಿ. ಹೊಸ ಮಾಲು ಬಂದಿದೆ, ಬದಲಾಯಿಸಿ ಕೊಡ್ತೀನಿ ಅಂತ ಮೆಲ್ಲಗೆ..."

"ಬದಲಾಯಿಸೋವರೆಗೆ ಇದನ್ನೇ ಹಾಕ್ತಾರಲ್ಲೋ! ವಿಷ ಅನ್ನು. ಆಗ ಮಾತ್ರ ಕೈ ತಡೀತಾರೆ."

"ನನ್ನ ಬಾಯಲ್ಲಿ ಬರಲ್ಲ. ನೀನೇ ಹೇಳು" ಎಂದು ಫೋನನ್ನು ಅವಳ ಕೈಗೆ ತುರುಕಿದ.

ಅವನ ಫೋನಿನಲ್ಲಿ ಗಿರಾಕಿಗಳೆಲ್ಲ ನಾಯಿಗಳ ಹೆಸರಿನಲ್ಲಿದ್ದರು. ಬಂಡೆ, ಮಿಠಾಯಿ, ಮಹಾರಾಣಿ, ಬೀಡಾ. ಅಕ್ಕ ಎಲ್ಲರಿಗೂ ಒಂದೇ ಮಾತು ಹೇಳಿದಳು: ಕಾಳಿನಲ್ಲಿ ವಿಷ ಇದೆ, ಹಾಕಬೇಡಿ, ಡಾಕ್ಟರ ಹತ್ತಿರ ಹೋಗಿ. ಬಂಡೆಯ ಯಜಮಾನಿ "ಈಗ ತಾನೇ ಹಾಕಿದೆ" ಎಂದು ಚೀರಿದಳು. ಓಡುವ ಸದ್ದು, ಬಟ್ಟಲು ನೆಲಕ್ಕೆ ಬಿದ್ದ ಸದ್ದು ಫೋನಿನಲ್ಲೇ ಕೇಳಿಸಿತು. ಮಿಠಾಯಿಯ ಯಜಮಾನ ಮಾತ್ರ ಗೊಣಗಿದ. "ಅದಕ್ಕೇನಾ ಇವಳು ತಿಂತಿರಲಿಲ್ಲ? ನಾನು ಸೊಕ್ಕು ಅಂತ ಬೈದು ಮೊಸರು ಕಲಸಿ ಹಾಕ್ತಿದ್ದೆ." ಇನ್ನೊಬ್ಬರು ಬೆಣ್ಣೆ ಸವರಿದ್ದರು. ಮಹಾರಾಣಿಗೆ ಮೊಟ್ಟೆ. ಕೇಳುತ್ತಾ ಕೇಳುತ್ತಾ ತಮ್ಮ ತಲೆ ಎತ್ತಲಿಲ್ಲ.

"ಚೀಲ ಕೊಂಡವರಾಯ್ತು, ಬಿಡಿಯಾಗಿ ಕೊಂಡವರು?" ಅಕ್ಕ ಕೇಳಿದಳು.

"ಎರಡು ಚೀಲದಷ್ಟು ಬಿಡಿ ಹೋಗಿದೆ. ನಂಬರ್ ಎಲ್ಲಿಂದ ತರಲಿ? ಮುಖ ಕಂಡ್ರೆ ಗೊತ್ತು, ಅಷ್ಟೇ."

"ಹಾಗಾದ್ರೆ ಮುಖ ನೋಡೋಣ ನಡಿ."

ತಮ್ಮ ಸ್ಕೂಟರ್ ಓಡಿಸಿದ, ಅಕ್ಕ ಹಿಂದೆ ಕೂತಳು. ನಾಯಿ ಹಿಡಿದು ನಡೆಯುವವರು ಕಂಡಲ್ಲೆಲ್ಲ ನಿಂತರು. ಇಸ್ತ್ರಿಯವಳು ಸಿಕ್ಕಳು, ಶಾಲೆಯ ವಾಚ್‌ಮನ್ ಸಿಕ್ಕ. ಒಂದು ಗೇಟಿನ ಮುಂದೆ ಬ್ರೇಕ್ ಹಾಕಿ "ಈ ಮನೆಯವರು ಅನ್ಸುತ್ತೆ" ಎಂದ. ಅಲ್ಲಿ ಬೆಕ್ಕಿತ್ತು. ಬೀದಿ ದೀಪಗಳು ಹತ್ತಿಕೊಂಡವು. ಯಾವುದೋ ಮನೆಯೊಳಗೆ ತಟ್ಟೆಗೆ ಕಾಳು ಬೀಳುವ ಸದ್ದು ಕೇಳಿ ಅಕ್ಕ ಬಾಗಿಲು ಬಡಿದಳು. ಅದು ಬೇರೆ ಅಂಗಡಿಯ ಮಾಲು. ಮನೆಯಾಕೆ ಇವಳನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡಳು.

ಬೇಕರಿಯ ಎದುರು ಒಬ್ಬ ಮುದುಕರು ಕಂದು ನಾಯಿಯೊಂದಿಗೆ ನಿಂತಿದ್ದರು. ಬ್ರೆಡ್ಡಿಗೆ ಕಾದವರ ಸಾಲು ದೊಡ್ಡದಿತ್ತು. ಅಕ್ಕ ಹೇಳಿದ್ದನ್ನೆಲ್ಲ ಕೇಳಿ ಅವರು ನಕ್ಕರು.

"ವಿಷ ಅಂತೆ! ನನ್ನ ನಾಯಿ ಗುಂಡುಕಲ್ಲಿನ ಹಾಗಿದೆಯಮ್ಮ. ಪಕ್ಕದಂಗಡಿಯವನು ನಿನಗೆ ಎಷ್ಟು ಕೊಟ್ಟ, ಹೀಗೆ ಸುದ್ದಿ ಹಬ್ಬಿಸೋಕೆ?"

"ಸಾರ್, ದಯವಿಟ್ಟು..."

"ಹೋಗಮ್ಮ ಹೋಗು. ಇವನು ಊಟಕ್ಕೆ ಕಾಯ್ತಿದಾನೆ." ಅವರು ಹಗ್ಗ ಎಳೆದು ಹೊರಟೇಬಿಟ್ಟರು.

ಸ್ಕೂಟರಿನ ಮೇಲೆ ಕೂತಿದ್ದ ತಮ್ಮ ಆಗ ಹೆಲ್ಮೆಟ್ ತೆಗೆದ.

"ಸಾರ್, ನಾನು ಯಾರು ಗೊತ್ತಾಯ್ತಾ? ನಿಮಗೆ ಮಾರಿದವನು ನಾನೇ. ಬೂಷ್ಟು ಹಿಡಿದ ಮಾಲು ಅದು. ನಾನೇ ಒಣಗಿಸಿ ಹೊಸ ಚೀಲಕ್ಕೆ ತುಂಬಿ ಮಾರಿದೆ. ಹಾಕಬೇಡಿ."

ಅವನ ದನಿ ಅವನಿಗೇ ಗೊತ್ತಿಲ್ಲದಷ್ಟು ಜೋರಾಗಿತ್ತು. ಬೇಕರಿಯ ಸಾಲು ಪೂರ್ತಿ ತಿರುಗಿ ನೋಡಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು "ನಮ್ಮನೆಗೂ ಅಲ್ಲಿಂದಲೇ ತಂದಿದ್ದು" ಎಂದವಳೇ ಬ್ರೆಡ್ ಬಿಟ್ಟು ಓಡಿದಳು. ಮುದುಕರು ಹಿಂದಕ್ಕೆ ಬಂದರು. ಹೊಡೆಯುತ್ತಾರೆ ಎಂದು ಅಕ್ಕ ನಡುವೆ ನಿಂತಳು. ಅವರು ಹೊಡೆಯಲಿಲ್ಲ. ಬಗ್ಗಿ, ಕಂದು ನಾಯಿಯ ತುಟಿ ಎತ್ತಿದರು. ಬೀದಿ ದೀಪದ ಬೆಳಕಿನಲ್ಲಿ ವಸಡಿನ ಬಣ್ಣ ಯಾವುದೆಂದು ಯಾರಿಗೂ ಹೇಳಲಾಗಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮನ ಫೋನ್ ಬಂತು. ಗುಮಾಸ್ತರ ನಾಯಿ ಸತ್ತುಹೋಗಿತ್ತು. ಅಕ್ಕ ಫೋನ್ ಇಟ್ಟು, "ಮುಂದಿನ ಬೀದಿಗೆ ನಡಿ" ಎಂದಳು.

ಲ್ಯಾಬಿನ ವರದಿ ಬರುವ ಹೊತ್ತಿಗೆ ಅಕ್ಕನ ಮನೆಯಲ್ಲಿ ಮೂರು ನಾಯಿ ಸತ್ತಿದ್ದವು, ಇನ್ಸ್‌ಪೆಕ್ಟರ್ ಸೇರಿ. ಫೋನಿನಲ್ಲಿ ಸಿಕ್ಕವರ ಮನೆಗಳಲ್ಲಿ ನಾಲ್ಕು. ಬೀದಿಯಲ್ಲಿ ಸಿಕ್ಕವರದು ಒಂದು. ಒಟ್ಟು ಎಂಟು. ಸಿಗದವರದು ಎಷ್ಟು ಎಂದು ಗೊತ್ತಾಗಲಿಲ್ಲ.