ಬೋದಿನ ಮಗ್ಗುಲಿನ ಸಾಸಿವೆ

ಹಿರೇಹಡಗಲಿಯ ಶಿವಬಸಮ್ಮನಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ಅರ್ಧ ಎಕರೆಯಲ್ಲಿ ಬೆಳೆದದ್ದು ಸವಳು ಒಂದೇ. ಬೇಸಿಗೆ ಬಂದರೆ ಉಪ್ಪು ಮೇಲೆದ್ದು ನೆಲ ಸುಣ್ಣ ಬಳಿದಂತೆ ಕಾಣುತ್ತಿತ್ತು. ಗಂಡ ಗುರುಶಾಂತ ಅಲ್ಲಿ ಸೌದೆಗೆಂದು ಬಳ್ಳಾರಿ ಜಾಲಿ ಹಚ್ಚಲು ಹೊರಟಿದ್ದ. ಜಾಲಿ ಒಮ್ಮೆ ಬೇರೂರಿದರೆ ಆ ಹೊಲ ಮತ್ತೆ ಕೈಗೆ ಸಿಗುವ ಮಾತೇ ಇಲ್ಲ. ಸಾಸಿವೆ ಅಷ್ಟಿಷ್ಟು ಉಪ್ಪು ತಡೆಯುತ್ತದೆಂದು ರೇಡಿಯೋದಲ್ಲಿ ಕೇಳಿದ್ದೇ ತಡ, ಶಿವಬಸಮ್ಮ ಅದನ್ನೇ ಬಿತ್ತುತ್ತೇನೆಂದು ಹಟ ಹಿಡಿದಳು.

“ಹನ್ನೆರಡು ದಿನ ನೋಡ್ತೀನಿ. ಮೊಳಕಿ ಕಾಣಲಿಲ್ಲಂದ್ರ ಜಾಲಿಗೆ ಗುಂಡಿ ತೋಡೋದ,” ಎಂದ ಗುರುಶಾಂತ.

ತೊಂಬತ್ತೆಂಟರ ದಸರೆ ಮುಗಿದ ವಾರ ಸಾಲುಗಳ ನಡುವೆ ಮಣ್ಣಿನ ದಿಬ್ಬದಂತೆ ಬೋದು ಏರಿಸಿ, ಸಾಲಿಗೆ ನೀರು ಹಾಯಿಸಿ, ಅವ್ವ ಗೆಣಸು ಹಚ್ಚುತ್ತಿದ್ದ ಹಾಗೆ ಬೋದಿನ ನೆತ್ತಿಯ ಮೇಲೇ ಬೀಜ ಬಿಡುತ್ತ ಹೋದಳು. ಕೊನೆಯ ಬೋದಿನಲ್ಲಿ ಜೊತೆಗಿದ್ದ ನಾದಿನಿ ನಾಗಲಿಂಗಮ್ಮ ಸೀರೆಯನ್ನು ಪಂಚೆಯಂತೆ ಎತ್ತಿ ಕಟ್ಟಿ, ಅಣ್ಣನ ಹಾಗೆ ಎದೆ ಸೆಟೆಸಿ ಹೆಜ್ಜೆ ಅಳೆದಳು. “ಇಲ್ಲೊಂದು ಜಾಲಿ, ಅಲ್ಲೊಂದು ಜಾಲಿ, ನಡುವ ನಮ್ಮ ಅತ್ತಿಗಿ!”

ಶಿವಬಸಮ್ಮ ನಕ್ಕೂ ನಕ್ಕೂ ಕಾಲು ಜಾರಿ ಉರುಳಿದಳು. ಉಡಿ ಬಿಚ್ಚಿ ಉಳಿದ ಬೀಜವೆಲ್ಲ ಬೋದಿನ ಮಗ್ಗುಲಿಗೆ ಚೆಲ್ಲಿತು. ಎತ್ತಲು ಬಂದ ನಾದಿನಿಯೂ ಮೇಲೆಯೇ ಬಿದ್ದಳು. ಇಬ್ಬರೂ ಕೆಸರಲ್ಲಿ ಹೊರಳಾಡಿದರು.

ಬೇರೆ ಕಡೆ ನಾಲ್ಕೈದು ದಿನಕ್ಕೆ ಮೊಳೆಯುವ ಸಾಸಿವೆ ಇಲ್ಲಿ ಹತ್ತು ದಿನವಾದರೂ ಉಸಿರೆತ್ತಲಿಲ್ಲ. ಶಿವಬಸಮ್ಮನ ನಗು ನಿಂತೇಹೋಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಗುರುಶಾಂತ ಹಾರೆ ಹೊತ್ತು ಹೋಗಿ ಒಂದು ಗುಂಡಿ ತೋಡಿಯೇಬಿಟ್ಟಿದ್ದ. ಹಿಂದೆಯೇ ಓಡಿ ಬಂದ ಶಿವಬಸಮ್ಮ ಕಿರುಚಿದಳು: “ಹಾರಿ ಇಳಸ್ರಿ! ಕಾಲ ಬುಡಕ ನೋಡ್ರಿ!”

ಬೋದಿನ ನೆತ್ತಿಯೆಲ್ಲ ಬೆಳ್ಳಗೆ ಬೋಳು. ಮಗ್ಗುಲಲ್ಲಿ ಮಾತ್ರ, ಇಬ್ಬರೂ ಹೊರಳಿದ ಅಂಕುಡೊಂಕಿನಲ್ಲಿ, ಗುಂಪುಗುಂಪಾಗಿ ಪುಟ್ಟ ಸಸಿಗಳು.

“ಇದ್ಯಾವ ಕೂರಿಗಿಲೆ ಬಿತ್ತಿದಿ?” ಎಂದ ಗುರುಶಾಂತ, ಬಾಯಿ ಬಿಟ್ಟುಕೊಂಡು.

ಅವಳು ನೆತ್ತಿಯ ಮಣ್ಣು ಚಿವುಟಿ ಅವನ ನಾಲಿಗೆಗೆ ಇಟ್ಟಳು. ಥೂ ಎಂದು ಉಗಿದ. ಮಗ್ಗುಲಿನದನ್ನೂ ಇಟ್ಟಳು.

“ಇದು ಸಪ್ಪಗೈತಿ.”

“ನೀರಿನ ಜೋಡಿ ಉಪ್ಪೆಲ್ಲಾ ನೆತ್ತಿಗೇರೈತ್ರಿ. ನಾ ಹಾಕಿದ್ದು ಸತ್ತೈತಿ, ಚೆಲ್ಲಿದ್ದು ಬದುಕೈತಿ!”

ಗುರುಶಾಂತ ಒಂದು ಸಸಿಗೂ ಮಣ್ಣು ತಾಗದಂತೆ ಕೈಯಿಂದಲೇ ಗುಂಡಿ ಮುಚ್ಚಿದ. ತಲೆ ಎತ್ತದೆಯೇ, “ಮನ್ಯಾಗಿನ ಬೀಜ ಎಲ್ಲೆಲ್ಲಿ ಹಾಕಬೇಕು, ನೀನ ಹೇಳು,” ಎಂದ.

ಹನ್ನೊಂದು ವರ್ಷದ ಸಂಸಾರದಲ್ಲಿ ಬಿತ್ತನೆಯ ವಿಷಯಕ್ಕೆ ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಶಿವಬಸಮ್ಮನಿಗೆ ಕುಣಿಯಬೇಕೆನಿಸಿತು. ಸಸಿ ತುಳಿಯದ ಹಾಗೆ ಬದುವಿನ ಮೇಲೆ ಹೋಗಿ, ಗಂಡನ ಎದುರಿಗೇ ಕುಣಿದಳು.